ಬಿದ್ದವರದ್ದೇ ತಪ್ಪಾ? ಕಾಸರಗೋಡಿನ ರಸ್ತೆ ನೋಡಿಕೊಳ್ಳುವವರಿಗೆ ಒಂದು ಬಹಿರಂಗ ಪತ್ರ

ನಗರಸಭೆ, ಪಂಚಾಯತುಗಳಲ್ಲಿ ಇರುವವರಿಗೆ, ಜಿಲ್ಲೆಯ ಅಧಿಕಾರಿಗಳಿಗೆ, ಹೆದ್ದಾರಿ ಕೆಲಸ ನೋಡಿಕೊಳ್ಳುವ ಇಂಜಿನಿಯರುಗಳಿಗೆ, ಮತ್ತೆ ನನ್ನ ಹಾಗೆ ದಿನಾ ನಡೆಯುವ ಎಲ್ಲರಿಗೂ ನಮಸ್ಕಾರ.

ಕಳೆದ ಮಳೆಗಾಲದಲ್ಲಿ ನನ್ನ ದೊಡ್ಡಮ್ಮ ಪೇಟೆಯಲ್ಲಿ ಬಿದ್ದರು. ಅವರಿಗೆ 71 ವರ್ಷ. ಬೆಳಗ್ಗೆ ಹತ್ತು ಗಂಟೆ ಹೊತ್ತು, ಮಳೆ ಜೋರಿತ್ತು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಮದ್ದಿನ ಚೀಲ ಹಿಡಿದುಕೊಂಡು ಚರಂಡಿ ಸ್ಲ್ಯಾಬಿನ ಮೇಲೆ ನಡೆಯುತ್ತಿದ್ದರು, ನಮ್ಮ ಪೇಟೆಯ ಸುಮಾರು ಕಡೆ ಫುಟ್‌ಪಾತ್ ಅಂದರೆ ಅದೇ ಅಲ್ವಾ. ಎರಡು ಸ್ಲ್ಯಾಬಿನ ನಡುವೆ ಒಂದು ಗೇಣು ಸಂದು ಬಿಟ್ಟಿತ್ತು. ಅದರ ಪಕ್ಕದಲ್ಲೇ ಸ್ಲ್ಯಾಬ್ ಎತ್ತಲಿಕ್ಕೆ ಅಂತ ಇಟ್ಟ ಕಬ್ಬಿಣದ ಕೊಂಡಿ, ತುಕ್ಕು ಹಿಡಿದು, ಬಾಗಿಸದೆ ಬಿಟ್ಟದ್ದು, ಮೇಲಕ್ಕೆ ಎದ್ದು ನಿಂತಿತ್ತು. ಹವಾಯಿ ಚಪ್ಪಲಿಯ ತುದಿ ಆ ಕೊಂಡಿಗೆ ಸಿಕ್ಕಿತು. ಇನ್ನೊಂದು ಕಾಲು ಸಂದಿನೊಳಗೆ ಹೋಯಿತು. ಬಟ್ಟೆ ಅಂಗಡಿಯ ಇಬ್ಬರು ಹುಡುಗರು ಓಡಿ ಬಂದು ಎತ್ತಿದರು. ಆಟೋದವರೊಬ್ಬರು ಆಸ್ಪತ್ರೆಗೆ ಮುಟ್ಟಿಸಿ, ಬಾಡಿಗೆ ಕೊಡಲು ಹೋದರೆ ಬೇಡ ಅಂದರು. ನಮ್ಮ ಊರಿನ ಜನ ಒಳ್ಳೆಯವರು, ಅದರಲ್ಲಿ ನನಗೆ ಸಂಶಯ ಇಲ್ಲ.

ಪಾದದ ಗಂಟಿನ ಹತ್ತಿರ ಎಲುಬು ಮುರಿದಿತ್ತು. ಎರಡು ತಿಂಗಳು ಮಲಗಿದಲ್ಲೇ. ಆ ಎರಡು ತಿಂಗಳಲ್ಲಿ ನೋಡಲು ಬಂದವರಿಗೆಲ್ಲ ದೊಡ್ಡಮ್ಮ ಒಂದೇ ಮಾತು ಹೇಳುತ್ತಿದ್ದರು: "ನಾನು ನೋಡಿ ನಡೆಯಬೇಕಿತ್ತು, ನನ್ನದೇ ತಪ್ಪು." ಬಂದವರೂ ತಲೆ ಆಡಿಸಿ, "ಹೌದು, ಈ ಮಳೆಗೆ ಪೇಟೆಗೆ ಯಾಕೆ ಹೋಗಬೇಕಿತ್ತು, ಯಾರಾದರೂ ಮಕ್ಕಳ ಹತ್ತಿರ ಹೇಳಿದ್ದರೆ ಆಗುತ್ತಿತ್ತು" ಅಂದರು. ನಾನೂ ಮೊದಲ ದಿನ ಅದನ್ನೇ ಅಂದೆ. ಆಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಸ್ಲ್ಯಾಬ್ ಹಾಕಿದವರು ಯಾರೋ ಇದ್ದಾರೆ. ಅಳತೆ ನೋಡಿದವರು ಯಾರೋ ಇದ್ದಾರೆ. ಬಿಲ್ ಪಾಸ್ ಮಾಡಿದವರೂ ಇದ್ದಾರೆ. ಅಷ್ಟು ಜನರ ಕೈ ದಾಟಿ ಬಂದ ಸಂದು ಅದು, ಕೊನೆಗೆ ತಪ್ಪು ಮಾತ್ರ 71 ವರ್ಷದ ಹೆಂಗಸಿನ ಕಣ್ಣಿನದ್ದು ಹೇಗಾಯಿತು?

ಅಲ್ಲಿಂದ ನಾನು ಓದಲು ಶುರು ಮಾಡಿದೆ. ನಾನು ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡುವವಳು, ಇಂಜಿನಿಯರ್ ಅಲ್ಲ. ಆದರೂ ಅರ್ಥವಾಗದಷ್ಟು ಕಷ್ಟದ್ದೇನೂ ಅಲ್ಲಿರಲಿಲ್ಲ. ರಸ್ತೆ ಹೇಗಿರಬೇಕು ಅಂತ ಅಳತೆ, ನಿಯಮ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಇಂಜಿನಿಯರುಗಳ ಸಂಸ್ಥೆ ನಡೆಯುವವರಿಗಾಗಿಯೇ ಒಂದು ಮಾರ್ಗಸೂಚಿ ಮಾಡಿದೆ, 2012ರದ್ದು. ಅದರಲ್ಲಿ ಫುಟ್‌ಪಾತಿನಲ್ಲಿ ನಡೆಯಲು ಬಿಡುವ ಜಾಗ ಕಡಿಮೆ ಅಂದರೂ 1.8 ಮೀಟರ್ ಅಗಲ ಇರಬೇಕು ಅಂತ ಇದೆ. ಅಷ್ಟೂ ಜಾಗದಲ್ಲಿ ಕಂಬ, ಪೆಟ್ಟಿಗೆ, ಬೋರ್ಡು ಏನೂ ಅಡ್ಡ ಬರಬಾರದು. ತಲೆ ಮೇಲೆ 2.2 ಮೀಟರ್ ಖಾಲಿ ಇರಬೇಕು. ರಸ್ತೆಯಿಂದ ಫುಟ್‌ಪಾತಿನ ಎತ್ತರ 150 ಮಿಲಿಮೀಟರಿಗಿಂತ ಜಾಸ್ತಿ ಆಗಬಾರದು, ಅಂದರೆ ಆರು ಇಂಚು. ಈ ಆರು ಇಂಚಿನ ಲೆಕ್ಕ ಓದಿದಾಗ ನನಗೆ ಗಂಟಲು ಕಟ್ಟಿತು. ಮೊಣಕಾಲು ನೋವಿನ ಹೆಂಗಸು ಒಂದು ಮೆಟ್ಟಿಲು ಹತ್ತುವಾಗ ಎಷ್ಟು ಹತ್ತಬಲ್ಲಳು ಅಂತ ಯಾರೋ ಯೋಚನೆ ಮಾಡಿ ಬರೆದಿದ್ದಾರೆ. ನಮ್ಮ ಪೇಟೆಯಲ್ಲಿ ಕೆಲವು ಕಡೆ ಫುಟ್‌ಪಾತ್ ಹತ್ತಲು ನಾನೇ ಸೀರೆ ಎತ್ತಿ ಹಿಡಿದು, ಪಕ್ಕದ ಕಂಬಕ್ಕೆ ಕೈ ಕೊಡಬೇಕು.

ಇನ್ನೂ ಇದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಫುಟ್‌ಪಾತಿನಲ್ಲಿ ಅಡ್ಡಿಯಿಲ್ಲದೆ ನಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ಒಳಗೇ ಬರುತ್ತದೆ, ಅಂಗವಿಕಲರೂ ಬಳಸುವ ಹಾಗೆ ಫುಟ್‌ಪಾತ್ ಇರಬೇಕು. 21ನೇ ವಿಧಿ ಅಂದರೆ ಬದುಕುವ ಹಕ್ಕು. 2019ರಲ್ಲಿ ಮೋಟಾರು ವಾಹನ ಕಾನೂನಿಗೆ ತಿದ್ದುಪಡಿ ಮಾಡಿದಾಗ 198ಎ ಅಂತ ಹೊಸ ಕಲಂ ಸೇರಿಸಿದ್ದಾರೆ. ರಸ್ತೆ ಮಾಡುವ ಇಲಾಖೆಯೋ ಗುತ್ತಿಗೆದಾರರೋ ಸುರಕ್ಷತೆಯ ನಿಯಮ ಪಾಲಿಸದೆ, ಅದರಿಂದ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಹಾಗಾದರೆ ಕಾನೂನು ಕೂಡ "ಬಿದ್ದವರು ನೋಡಿ ನಡೆಯಬೇಕಿತ್ತು" ಅಂತ ಹೇಳುತ್ತಾ ಇಲ್ಲ. ನಾವು ಮಾತ್ರ ಹೇಳುತ್ತಾ ಇದ್ದೇವೆ.

ದೊಡ್ಡಮ್ಮ ಬಿದ್ದ ಮೇಲೆ ನಾನು ಒಂದು ದಿನ ಲೆಕ್ಕ ಹಾಕಿಕೊಂಡು ನಡೆದೆ. ಹಳೆ ಬಸ್ ನಿಲ್ದಾಣದ ಹತ್ತಿರದಿಂದ ರೈಲ್ವೆ ಸ್ಟೇಷನ್ ಕಡೆಗೆ, ಸಂಜೆ ಐದು ಗಂಟೆಗೆ. ಹದಿನೈದು ನಿಮಿಷದ ದಾರಿ. ಅಷ್ಟರಲ್ಲಿ 17 ಸಲ ಫುಟ್‌ಪಾತಿನಿಂದ ಇಳಿದು ವಾಹನ ಹೋಗುವ ರಸ್ತೆಗೇ ಕಾಲಿಡಬೇಕಾಯಿತು. ಒಂದು ಕಡೆ ನಿಲ್ಲಿಸಿದ ಬೈಕುಗಳ ಸಾಲು, ಒಂದು ಕಡೆ ವಿದ್ಯುತ್ ಕಂಬ, ಒಂದು ಕಡೆ ಪೈಪಿಗಾಗಿ ಅಗೆದು ಮುಚ್ಚದೆ ಬಿಟ್ಟ ಗುಂಡಿ, ಅದಕ್ಕೆ ಗುರುತು ಅಂತ ಚುಚ್ಚಿದ ಒಂದು ತೆಂಗಿನ ಗರಿ. ಅಂಗಡಿಯ ಟಾರ್ಪಾಲಿನ ಹಗ್ಗ ಸರಿಯಾಗಿ ನನ್ನ ಹಣೆಯ ಎತ್ತರಕ್ಕೆ. ಒಂದೊಂದು ಸಲ ಇಳಿದಾಗಲೂ ಹಿಂದಿನಿಂದ ಬಸ್ಸಿನ ಹಾರ್ನ್. ನನ್ನ ಮುಂದೆ ಒಬ್ಬರು ಹೆಂಗಸು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು, ಇಳಿಯುವಾಗಲೆಲ್ಲ ಮಗುವನ್ನು ಬಲಗಡೆಯಿಂದ ಎಡಗಡೆಗೆ ಬದಲಾಯಿಸುತ್ತಿದ್ದರು. ವಾಹನ ಬರುವ ಬದಿಗೆ ತನ್ನ ಮೈ, ಆಚೆ ಬದಿಗೆ ಮಗು. ಅವರಿಗೆ ಅದು ಗೊತ್ತಾಗದ ಹಾಗೆ ಅಭ್ಯಾಸ ಆಗಿಬಿಟ್ಟಿತ್ತು.

ಪೇಟೆಯ ಮಾತು ಇದಾದರೆ, ಹೆದ್ದಾರಿ ಬದಿಯ ಊರುಗಳದ್ದು ಬೇರೆಯೇ ಕಥೆ. ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಆರು ಲೇನಿನ ರಸ್ತೆ ಬಂತು. ಕಾಸರಗೋಡು ಪೇಟೆಯಲ್ಲಿ ಒಂದೇ ಸಾಲು ಕಂಬದ ಮೇಲೆ ಮೇಲ್ಸೇತುವೆ ಎದ್ದು ನಿಂತಿದೆ. ಮಂಗಳೂರಿಗೆ ರೋಗಿಗಳನ್ನು ಕರೆದುಕೊಂಡು ಹೋಗುವ ಆಂಬುಲೆನ್ಸಿಗೆ ಅದರಿಂದ ಎಷ್ಟು ಉಪಕಾರ ಅಂತ ನನಗೆ ಗೊತ್ತು, ಹಳೆ ರಸ್ತೆಯ ಗುಂಡಿಗಳಲ್ಲಿ ನಾವೂ ಕುಲುಕಾಡಿದವರೇ. ರಸ್ತೆ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ನನ್ನ ಮನೆ ಕುಂಬಳೆಗೂ ಕಾಸರಗೋಡಿಗೂ ನಡುವೆ, ಹೆದ್ದಾರಿಯ ಮೂಡು ಬದಿಯಲ್ಲಿ. ನಮ್ಮ ಅಂಗಡಿ, ರೇಷನ್, ಬಸ್ಸು ನಿಲ್ಲುವ ಜಾಗ ಎಲ್ಲ ಪಡು ಬದಿಯಲ್ಲಿ. ಮೊದಲು ಇಪ್ಪತ್ತು ಹೆಜ್ಜೆ ದಾಟಿದರೆ ಆಚೆ ಮನೆಯವರ ಜಗಲಿ. ಈಗ ನಡುವೆ ಗೋಡೆ ಬಂದಿದೆ. ಅಂಡರ್‌ಪಾಸ್ ಇರುವಲ್ಲಿಗೆ ಹೋಗಿ, ಆಚೆ ಬದಿ ಹಿಡಿದು ವಾಪಸು ಬರಬೇಕು, ಇಪ್ಪತ್ತು ನಿಮಿಷ ಹಿಡಿಯುತ್ತದೆ. ಆಗಲಿ, ನಡೆಯೋಣ, ನಡೆಯಲಿಕ್ಕೆ ನಮಗೇನೂ ಸೋಮಾರಿತನ ಇಲ್ಲ. ಆದರೆ ನಡೆಯುವುದು ಎಲ್ಲಿ? ಸರ್ವಿಸ್ ರೋಡಿನಲ್ಲಿ ಎರಡೂ ಕಡೆಯಿಂದ ವಾಹನ ಬರುತ್ತದೆ, ಎರಡು ಬಸ್ಸು ಎದುರಾದರೆ ಚರಂಡಿಯ ಅಂಚಿನಲ್ಲಿ ಒಂದು ಕಾಲಿಡುವಷ್ಟು ಜಾಗವೂ ಉಳಿಯುವುದಿಲ್ಲ. ಬೆಳಗ್ಗೆ ಒಂಬತ್ತು ಗಂಟೆಗೆ ನನ್ನ ಶಾಲೆಯ ಮಕ್ಕಳು ಅಲ್ಲೇ ಸಾಲಾಗಿ ಬರುತ್ತಾರೆ. ಮೂರನೇ ಕ್ಲಾಸಿನ ಒಬ್ಬಳು ಒಂದು ದಿನ ಬಂದು, "ಟೀಚರ್, ಇವತ್ತು ಬಸ್ಸು ನನ್ನ ಕೊಡೆಗೆ ತಾಗಿತು" ಅಂತ ನಗುತ್ತಾ ಹೇಳಿದಳು. ಕೊಡೆಯ ಒಂದು ಕಡ್ಡಿ ಮುರಿದಿತ್ತು. ಅವಳಿಗೆ ಅದೊಂದು ಸಂಗತಿ ಅಷ್ಟೇ. ನಾನು ಆ ಕಡ್ಡಿಯನ್ನು ನೂಲಿನಿಂದ ಕಟ್ಟಿ ಕೊಟ್ಟೆ, ಕೈ ನಡುಗುತ್ತಾ ಇತ್ತು.

ಈ ರಸ್ತೆಯಲ್ಲಿ ಮಕ್ಕಳು ಮಾತ್ರ ನಡೆಯುವುದಲ್ಲ. ಹಸಿರು ಕೋಟು ಹಾಕಿಕೊಂಡು ಮನೆಮನೆಗೆ ಬಂದು ಪ್ಲಾಸ್ಟಿಕ್ ಒಟ್ಟು ಮಾಡುವ ಹರಿತ ಕರ್ಮ ಸೇನೆಯ ಹೆಂಗಸರು, ಆಶಾ ಕಾರ್ಯಕರ್ತೆಯರು, ಬ್ರಾಂಚಿಗೆ ಬೀಡಿ ಕೊಂಡುಹೋಗುವವರು, ಹೋಟೆಲು ಕೆಲಸಕ್ಕೆ ಬಂದ ಬಂಗಾಳದ ಹುಡುಗರು, ಮಸೀದಿಗೆ ಹೋಗುವ ಅಜ್ಜಂದಿರು. ಊರಿನ ಕೆಲಸ ಅರ್ಧಕ್ಕರ್ಧ ನಡೆಯುವುದು ಇವರ ಕಾಲಿನ ಮೇಲೆ. ಕಾರಿನಲ್ಲಿ ಬಂದವರೂ ಬಾಗಿಲು ತೆಗೆದು ಇಳಿದ ಕೂಡಲೇ ಇವರ ಸಾಲಿಗೆ ಸೇರುತ್ತಾರೆ.

ಬೋರ್ಡುಗಳ ವಿಷಯ ಒಂದು ಹೇಳಲೇಬೇಕು. ದಾರಿ ಬಂದ್, ಆ ಕಡೆಯಿಂದ ಹೋಗಿ, ಇಲ್ಲಿ ದಾಟಬೇಡಿ ಅಂತ ಹಾಕುವ ಬೋರ್ಡು ಸುಮಾರು ಕಡೆ ಇಂಗ್ಲಿಷ್ ಮತ್ತು ಮಲಯಾಳದಲ್ಲಿ ಮಾತ್ರ ಇರುತ್ತದೆ. ನನಗೆ ಎರಡೂ ಬರುತ್ತದೆ. ದೊಡ್ಡಮ್ಮನಿಗೆ ಕನ್ನಡ ಮಾತ್ರ ಓದಲು ಬರುವುದು, ಅವರ ಪ್ರಾಯದವರು ಇಲ್ಲಿ ಎಷ್ಟೋ ಜನ ಹಾಗೇ ಇದ್ದಾರೆ. 1956ರಲ್ಲಿ ಗಡಿ ಬದಲಾಗಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಅವರು ಹಾಲು ಕುಡಿಯುವ ಮಗು. ಅಪಾಯದ ಬೋರ್ಡು ಓದಲು ಬಾರದೆ ಒಬ್ಬರು ಗುಂಡಿಗೆ ಕಾಲಿಟ್ಟರೆ ಅದನ್ನು ಭಾಷೆಯ ಜಗಳ ಅಂತ ತಳ್ಳಿಬಿಡಬೇಡಿ, ಅದು ಸುರಕ್ಷತೆಯ ವಿಷಯ. ಸರಕಾರದ ಜೊತೆ ಕನ್ನಡದಲ್ಲಿ ವ್ಯವಹಾರ ಮಾಡಲು ನಮಗೆ 1969ರ ಕೇರಳದ ಅಧಿಕೃತ ಭಾಷಾ ಕಾನೂನೇ ಅವಕಾಶ ಕೊಟ್ಟಿದೆ, ಅದಕ್ಕೇ ಈ ಪತ್ರವನ್ನೂ ಕನ್ನಡದಲ್ಲೇ ಬರೆದಿದ್ದೇನೆ. ಬೋರ್ಡಿನಲ್ಲಿ ಇನ್ನೊಂದು ಸಾಲು ಕನ್ನಡ ಸೇರಿಸಲು ಎಷ್ಟು ಪೇಯಿಂಟ್ ಬೇಕು?

ವೇಗದ ಬಗ್ಗೆಯೂ ಒಂದು ಮಾತು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅದರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಇದು ಕೇಂದ್ರ ಸರಕಾರವೇ ಕೊಟ್ಟ ಲೆಕ್ಕ. ಅಂದರೆ ದಿನಕ್ಕೆ ತೊಂಬತ್ತು ಜನ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ಕಾರಿನ ವೇಗ ಗಂಟೆಗೆ 50 ಕಿಲೋಮೀಟರಿನಿಂದ 65ಕ್ಕೆ ಏರಿದರೆ, ಅದು ಬಡಿದ ಮನುಷ್ಯ ಸಾಯುವ ಸಂಭವ ನಾಲ್ಕೂವರೆ ಪಟ್ಟು ಜಾಸ್ತಿ. ಬರೀ 15 ಕಿಲೋಮೀಟರ್ ವ್ಯತ್ಯಾಸ. ಅದಕ್ಕೇ 2020ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ದೇಶಗಳು, ಜನ ಮತ್ತು ವಾಹನ ಒಟ್ಟಿಗೆ ಓಡಾಡುವ ಕಡೆ ಗಂಟೆಗೆ 30 ಕಿಲೋಮೀಟರ್ ಸಾಕು ಅಂತ ಘೋಷಣೆ ಹೊರಡಿಸಿದವು. ನಮ್ಮ ಪೇಟೆಯೊಳಗೆ, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದ ಎದುರು 30 ಅಂತ ಬೋರ್ಡು ಹಾಕಿದರೆ ಸಾಲದು, ಅದನ್ನು ಯಾರೂ ನೋಡುವುದಿಲ್ಲ. ಜೀಬ್ರಾ ಕ್ರಾಸಿಂಗನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತಿ, ಅಗಲದ ಹಂಪಿನ ಹಾಗೆ ಮಾಡಬೇಕು. ಆಗ ದಾಟುವವರು ಕೆಳಗೆ ಇಳಿಯಬೇಕಾಗಿಲ್ಲ, ಗಾಡಿಯವರು ತಾನಾಗಿ ನಿಧಾನ ಮಾಡುತ್ತಾರೆ, ಗಾಲಿ ಕುರ್ಚಿಯವರಿಗೂ ದಾರಿ ಆಗುತ್ತದೆ. ಬಿಳಿ ಪಟ್ಟೆ ಮಾತ್ರ ಬಳಿದರೆ ಒಂದೇ ಮಳೆಗಾಲಕ್ಕೆ ಅಳಿಸಿ ಹೋಗುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು.

ವ್ಯಾಪಾರಿಗಳ ಮೇಲೆ ನನಗೆ ಸಿಟ್ಟಿಲ್ಲ. ಫುಟ್‌ಪಾತಿನಲ್ಲಿ ಹಣ್ಣು, ಮಲ್ಲಿಗೆ ಮಾರುವವರನ್ನು ಓಡಿಸಿ ಅಂತ ನಾನು ಖಂಡಿತ ಕೇಳುವುದಿಲ್ಲ. ರಾತ್ರಿ ಏಳೂವರೆಗೆ ಬಸ್ಸಿಗೆ ಕಾಯುವಾಗ ಪಕ್ಕದಲ್ಲಿ ಒಬ್ಬರು ಕಡಲೆ ಹುರಿಯುತ್ತಾ ಇದ್ದರೆ ನಮಗೆ ಎಷ್ಟು ಧೈರ್ಯ ಅಂತ ಹೆಂಗಸರನ್ನು ಕೇಳಿ. ಬೀದಿ ವ್ಯಾಪಾರಿಗಳಿಗೆ 2014ರ ಕಾನೂನು ಇದೆ, ಅವರಿಗೆ ಜಾಗ ಗುರುತು ಮಾಡಿ ಕೊಡಬೇಕು ಅಂತ ಅದೇ ಹೇಳುತ್ತದೆ. ಅವರಿಗೂ ಜಾಗ, ನಮಗೂ ಜಾಗ. ನಿಜವಾಗಿ ಫುಟ್‌ಪಾತ್ ತಿಂದಿರುವುದು ನಿಂತ ವಾಹನಗಳು. ಒಂದು ಕಾರು ನಿಲ್ಲುವಲ್ಲಿ ಹತ್ತು ಜನ ನಿಂತು ಬಸ್ಸಿಗೆ ಕಾಯಬಹುದು.

"ಜನ ಗಾಡಿಯಲ್ಲಿ ಬಾರದಿದ್ದರೆ ವ್ಯಾಪಾರ ಬೀಳುತ್ತದೆ" ಅಂತ ಅಂಗಡಿಯವರು ಹೆದರುವುದು ನನಗೆ ಅರ್ಥವಾಗುತ್ತದೆ. ಕೋಝಿಕ್ಕೋಡಿನ ಮಿಠಾಯಿ ತೆರುವು ಎಂಬ ಅಂಗಡಿ ಬೀದಿಗೆ ಹೋಗಿ ಬನ್ನಿ. ನಮ್ಮದೇ ರಾಜ್ಯ, ರೈಲಿನಲ್ಲಿ ಬೆಳಗ್ಗೆ ಹೊರಟರೆ ರಾತ್ರಿ ಮನೆಗೆ ವಾಪಸು. ಆ ಬೀದಿಗೆ ಹೊಸ ಕಲ್ಲು ಹಾಸಿ, ದೀಪ, ಬೆಂಚು ಇಟ್ಟು 2017ರ ಡಿಸೆಂಬರಿನಲ್ಲಿ ತೆರೆದರು, ಹಗಲು ಹೊತ್ತು ವಾಹನ ಬಿಡುವುದನ್ನು ನಿಲ್ಲಿಸಿದರು. ನಾನು ಒಂದು ಸಂಜೆ ಅಲ್ಲಿ ಹಲ್ವ ತೆಗೆದುಕೊಂಡು ಬೆಂಚಿನಲ್ಲಿ ಕೂತಿದ್ದೆ. ಎರಡು ಪುಟ್ಟ ಮಕ್ಕಳು ಅಮ್ಮನ ಕೈ ಬಿಟ್ಟು ಬೀದಿಯ ನಡುವೆ ಓಡುತ್ತಿದ್ದರು, ಅಮ್ಮ ತಿರುಗಿ ನೋಡದೆ ಬಳೆ ಆರಿಸುತ್ತಿದ್ದರು. ಪೇಟೆಯಲ್ಲಿ ಮಗುವಿನ ಕೈ ಬಿಟ್ಟ ತಾಯಿಯನ್ನು ನಾನು ನೋಡಿದ್ದು ಅದೇ ಮೊದಲು. ಸ್ಪೇನಿನಲ್ಲಿ ಪೊಂಟೆವೆದ್ರ ಅಂತ ಒಂದು ಪಟ್ಟಣ ಇದೆ, ಎಂಬತ್ತು ಸಾವಿರ ಚಿಲ್ಲರೆ ಜನ, ಹೆಚ್ಚುಕಡಿಮೆ ನಮ್ಮ ಪೇಟೆಗೆ ಹೋಲಿಸಬಹುದಾದ ಗಾತ್ರ. 1999ರಿಂದ ಅವರು ನಡು ಪೇಟೆಯಿಂದ ಕಾರುಗಳನ್ನು ಹೊರಗಿಟ್ಟು, ನಡೆಯುವವರಿಗೆ ಬಿಟ್ಟುಕೊಡುತ್ತಾ ಬಂದರು. ಅಲ್ಲಿ ಈಗ ಮಕ್ಕಳು ಒಬ್ಬೊಬ್ಬರೇ ಶಾಲೆಗೆ ನಡೆದು ಹೋಗುತ್ತಾರಂತೆ. ಅಷ್ಟು ದೂರದ್ದು ಬೇಡ ಅಂದರೆ ಬಿಡಿ. ಹಳೆ ಬಸ್ ನಿಲ್ದಾಣದ ಸುತ್ತಿನ ಒಂದೇ ಒಂದು ಬೀದಿ ಸಾಕು, ಹಬ್ಬದ ಸಮಯದಲ್ಲಿ, ರಂಜಾನಿನ ಸಂಜೆಗಳಲ್ಲಿ, ಓಣಂ, ದೀಪಾವಳಿ ಹತ್ತಿರ ಬಂದಾಗ, ಸಂಜೆ ಐದರಿಂದ ಒಂಬತ್ತರವರೆಗೆ ವಾಹನ ನಿಲ್ಲಿಸಿ ನೋಡಿ. ವ್ಯಾಪಾರ ಕಡಿಮೆ ಆದರೆ ಮತ್ತೆ ಬಿಡಿ, ನಾನು ಮಾತಾಡುವುದಿಲ್ಲ.

ಇನ್ನು ಮೇಲ್ಸೇತುವೆಯ ಕೆಳಗಿನ ಜಾಗ. ಕರಂದಕ್ಕಾಡಿನಿಂದ ನುಳ್ಳಿಪ್ಪಾಡಿಯ ಕಡೆಗೆ ಅಷ್ಟುದ್ದ ನೆರಳು ನಮಗೆ ಸಿಕ್ಕಿದೆ. ಮಳೆ ಬೀಳದ, ಬಿಸಿಲು ಬೀಳದ ಜಾಗ. ಅದನ್ನು ಪೂರ್ತಿ ಪಾರ್ಕಿಂಗಿಗೆ ಕೊಡಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ಒಂದು ಬದಿಯಲ್ಲಿ ಉದ್ದಕ್ಕೂ ನಡೆಯುವ ದಾರಿ, ನಡು ನಡುವೆ ಕೂರಲು ಕಟ್ಟೆ, ದೀಪ, ಕುಡಿಯುವ ನೀರು. ಹೆದ್ದಾರಿ ಅಗಲ ಮಾಡುವಾಗ ಬದಿಯ ದೊಡ್ಡ ಮರಗಳೆಲ್ಲ ಹೋದವು. ಮಾರ್ಚ್ ತಿಂಗಳಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಆ ಕಾಂಕ್ರೀಟಿನ ಪಕ್ಕ ಬಸ್ಸಿಗೆ ನಿಂತವರಿಗೆ ಮರ ಅಂದರೆ ಏನು ಅಂತ ಗೊತ್ತು. ಹೊಂಗೆ, ನೇರಳೆ, ಮಾವು ನೆಡಿ, ಸರ್ವಿಸ್ ರೋಡಿನ ಅಂಚಿನಲ್ಲಿ ನೆಟ್ಟು ಎರಡು ವರ್ಷ ನೀರು ಹಾಕಲು ಯಾರಿಗಾದರೂ ವಹಿಸಿ. ನಮ್ಮ ಶಾಲೆಯ ಎದುರಿನ ಗಿಡಗಳನ್ನು ನಾವೇ ನೋಡಿಕೊಳ್ಳುತ್ತೇವೆ.

ದೊಡ್ಡ ಯೋಜನೆ ಆಗುವವರೆಗೆ ಕಾಯಬೇಡಿ. ಈ ಮಳೆಗಾಲ ಶುರುವಾಗುವ ಮೊದಲು, ಮೇ ತಿಂಗಳ ಒಳಗೆ, ಒಂದು ಕೆಲಸ ಮಾಡಿ. ಚರಂಡಿಯ ಹೂಳು ತೆಗೆಯಲು ಹೇಗೂ ಸ್ಲ್ಯಾಬ್ ಎತ್ತುತ್ತೀರಿ. ವಾಪಸು ಇಡುವಾಗ ಮಟ್ಟ ನೋಡಿ ಇಡಿಸಿ. ಸಂದು ಮುಚ್ಚಿಸಿ. ಎದ್ದು ನಿಂತ ಕೊಂಡಿಗಳನ್ನು ಬಾಗಿಸಿ ಅಥವಾ ಕತ್ತರಿಸಿ. ಒಬ್ಬ ಮೇಸ್ತ್ರಿ, ಇಬ್ಬರು ಕೆಲಸದವರು, ಒಂದು ಸುತ್ತಿಗೆ, ಸ್ವಲ್ಪ ಸಿಮೆಂಟು. ಬಿಲ್ಲಿಗೆ ಸಹಿ ಹಾಕುವ ಮೊದಲು ಅದರ ಮೇಲೆ ನೀವೇ ಒಂದು ಸಲ ನಡೆಯಿರಿ, ಮಳೆ ಬರುವಾಗ, ಕೊಡೆ ಹಿಡಿದುಕೊಂಡು, ಸಾಧ್ಯ ಆದರೆ ನಿಮ್ಮ ಅಮ್ಮನನ್ನು ಕರೆದುಕೊಂಡು. ಓಟು ಕೇಳಲು ಬಂದಾಗ ನಮ್ಮ ವಾರ್ಡಿನ ಒಂದು ಮನೆಯನ್ನೂ ಬಿಡದೆ ನಡೆದೇ ಬಂದಿದ್ದೀರಿ, ನಮ್ಮ ಅಂಗಳದಲ್ಲಿ ನೀರು ಕುಡಿದು ಹೋಗಿದ್ದೀರಿ. ನಡೆಯುವುದು ನಿಮಗೆ ಹೊಸತಲ್ಲ.

ದೊಡ್ಡಮ್ಮನ ಕಾಲು ಈಗ ಕೂಡಿದೆ. ಅಂಗಳದಲ್ಲಿ ಓಡಾಡುತ್ತಾರೆ, ಹಟ್ಟಿಗೂ ಹೋಗುತ್ತಾರೆ. ಪೇಟೆಗೆ ಮಾತ್ರ ಬರುವುದಿಲ್ಲ. ಮೊದಲು ಬಸ್ಸಿಳಿದು ಮಲ್ಲಿಕಾರ್ಜುನ ದೇವಸ್ಥಾನಕ್ಕೆ ನಡೆದು ಹೋಗಿ, ವಾಪಸು ಬರುವಾಗ ನನಗೆ ಎರಡು ಮೊಳ ಮಲ್ಲಿಗೆ ತರುತ್ತಿದ್ದರು. ಮೊನ್ನೆ ಹೋಗುವಾಗ "ಬರ್ತೀರಾ ದೊಡ್ಡಮ್ಮ, ನಾನು ಕೈ ಹಿಡ್ಕೊಳ್ತೇನೆ" ಅಂತ ಕೇಳಿದೆ. "ಆ ಸ್ಲ್ಯಾಬ್ ಸರಿ ಮಾಡಿದ್ದಾರಾ ಮಗಾ?" ಅಂದರು. ನಾನು ಅವತ್ತು ಸಂಜೆ ಹೋಗಿ ನೋಡಿ ಬಂದೆ. ಸಂದು ಹಾಗೇ ಇತ್ತು, ಯಾರೋ ಪುಣ್ಯಾತ್ಮರು ಅದರ ಮೇಲೆ ಒಂದು ಹಲಗೆ ಇಟ್ಟಿದ್ದರು.

ಜಾಗ ಎಲ್ಲಿ ಅಂತ ನಿಮಗೆ ತೋರಿಸಲು ನಾನು ಸಿದ್ಧ. ಯಾವ ಶನಿವಾರ ಆದರೂ ಆಗಬಹುದು, ಬೆಳಗ್ಗೆ ಹತ್ತು ಗಂಟೆಗೆ ಹಳೆ ಬಸ್ ನಿಲ್ದಾಣದ ಹತ್ತಿರ ಇರುತ್ತೇನೆ, ಅಳತೆಯ ಟೇಪು ನಾನೇ ತರುತ್ತೇನೆ.

ನಿಮ್ಮ ಊರಿನ,
ದಿನಾ ನಡೆಯುವ ಒಬ್ಬಳು ಟೀಚರ್